ಅಗ್ಗದ ವಿಮಾನ ಅಗ್ಗವೇಕೆ?

ಅಗ್ಗ ಸಿಕ್ಕಿತೆಂದು ಮುಗ್ಗಿದ ಜೋಳ ಕೊಂಡವರ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಜೋಳದ ವಿಷಯದಲ್ಲಿ ಮೂಸಿ ನೋಡಿದರೆ ಸಾಕು, ಗುಣ ತಿಳಿಯುತ್ತದೆ. ವಿಮಾನವನ್ನು ಕೊಳ್ಳುವವನು ಏನನ್ನು ಮೂಸಿ ನೋಡಬೇಕು?

ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಅಮೆರಿಕದಲ್ಲಿ ಹಳೆಯ ಮೋಟಾರು ಗಾಡಿಗಳಂತೆ ಹಳೆಯ ಪುಟ್ಟ ವಿಮಾನಗಳೂ ಕೈಯಿಂದ ಕೈಗೆ ಮಾರಾಟವಾಗುತ್ತವೆ. ಅರುವತ್ತು ವರ್ಷ ದಾಟಿದ ನಾಲ್ಕು ಆಸನಗಳ ವಿಮಾನ ಇಂದಿಗೂ ಹಾರುತ್ತಿರುವುದು ಅಲ್ಲಿ ಸೋಜಿಗವಲ್ಲ. ಕ್ಯಾನ್ಸಸ್ ಸಂಸ್ಥಾನದ ವಿಚಿಟಾ ನಗರದ ಸೆಸ್ನಾ ಸಂಸ್ಥೆಯ ಎರಡು ಹಳೆಯ ವಿಮಾನಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಅಕ್ಕತಂಗಿಯರಂತೆ ಕಾಣುತ್ತವೆ. ಒಂದು ಲೋಕಪ್ರಸಿದ್ಧವಾದ 172. ಇನ್ನೊಂದು 1958ರಿಂದ 1962ರವರೆಗೆ ಮಾತ್ರ ಆ ಹೆಸರಿನಲ್ಲಿ ತಯಾರಾದ 175. ಕಣ್ಣಿಗೆ ಬೀಳುವ ವ್ಯತ್ಯಾಸವೆಂದರೆ 175ರ ಮೂಗಿನ ಮೇಲಿರುವ ಸಣ್ಣದೊಂದು ಗೂನು. ಅಂದಿನ 172ರ ಎಂಜಿನು 145 ಅಶ್ವಶಕ್ತಿಯದು. 175ರದು 175 ಅಶ್ವಶಕ್ತಿಯದು. ಹೆಚ್ಚು ಶಕ್ತಿಯುಳ್ಳ ತಂಗಿಗೆ ಹೆಚ್ಚು ಬೆಲೆ ಬರಬೇಕಷ್ಟೆ? ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ. ಮೂಲ ಎಂಜಿನನ್ನೇ ಉಳಿಸಿಕೊಂಡ 175 ಎಂದರೆ ಕೊಳ್ಳುವವರು ಹಿಂಜರಿಯುತ್ತಾರೆ, ಬೆಲೆಯೂ ಇಳಿಯುತ್ತದೆ. ಕಾರಣ ಆ ಗೂನಿನ ಕೆಳಗೆ ಅಡಗಿದೆ.

ಎರಡು ಎಂಜಿನುಗಳೂ ಕಾಂಟಿನೆಂಟಲ್ ಸಂಸ್ಥೆಯವೇ; ಒಂದರ ಹೆಸರು ಒ-300, ಇನ್ನೊಂದರದು ಜಿಒ-300. ಎರಡರಲ್ಲಿಯೂ ಆರು ಸಿಲಿಂಡರುಗಳು. ಅವುಗಳ ಒಟ್ಟು ಗಾತ್ರ ಸುಮಾರು 4.9 ಲೀಟರು. ಹಾಗಾದರೆ 30 ಅಶ್ವಶಕ್ತಿ ಹೆಚ್ಚಾಗಿ ಬಂದುದು ಎಲ್ಲಿಂದ? ಒಂದು ಭಾಗಾಕಾರದಿಂದ ಗುಟ್ಟು ಬಯಲಾಗುತ್ತದೆ. ಒ-300 ತನ್ನ ಪೂರ್ಣಶಕ್ತಿಯನ್ನು ಕೊಡುವುದು ನಿಮಿಷಕ್ಕೆ 2700 ಸುತ್ತುಗಳಲ್ಲಿ. ಜಿಒ-300 ಕೊಡುವುದು 3200 ಸುತ್ತುಗಳಲ್ಲಿ. 145ನ್ನು 3200ರಿಂದ ಗುಣಿಸಿ 2700ರಿಂದ ಭಾಗಿಸಿದರೆ ಸುಮಾರು 172 ಬರುತ್ತದೆ. ತಿರುಗಿಸುವ ಬಲ, ಎಂದರೆ ಟಾರ್ಕ್, ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ. ತಂಗಿ ಅಕ್ಕನಿಗಿಂತ ಬಲಶಾಲಿಯಲ್ಲ; ಚುರುಕಾದವಳು, ಅಷ್ಟೆ.

ಆದರೆ ಎಂಜಿನಿಗೆ ಒಗ್ಗುವ ಚುರುಕು ಪ್ರೊಪೆಲ್ಲರಿಗೆ ಒಗ್ಗದು. ಅಕ್ಕನ ಪ್ರೊಪೆಲ್ಲರಿನ ವ್ಯಾಸ ಸುಮಾರು 1.93 ಮೀಟರು. 2700 ಸುತ್ತುಗಳಲ್ಲಿ ಅದರ ಅಲಗಿನ ತುದಿ ಸೆಕೆಂಡಿಗೆ 273 ಮೀಟರು ಚಲಿಸುತ್ತದೆ. ಅದನ್ನೇ 3200 ಸುತ್ತುಗಳಲ್ಲಿ ತಿರುಗಿಸಿದರೆ ತುದಿಯ ವೇಗ 323 ಮೀಟರಿಗೆ ಏರುತ್ತದೆ. ಶಬ್ದದ ವೇಗವೇ ಸುಮಾರು 340 ಮೀಟರು. ಅಷ್ಟು ಹತ್ತಿರಕ್ಕೆ ಹೋದಾಗ ಅಲಗಿನ ಬೆನ್ನಿನ ಮೇಲೆ ಹರಿಯುವ ಗಾಳಿ ಕೆಲವೆಡೆ ಶಬ್ದದ ವೇಗವನ್ನು ಮೀರುತ್ತದೆ. ಆಘಾತತರಂಗಗಳು ಹುಟ್ಟಿ, ಎಂಜಿನಿನ ದುಡಿಮೆಯಲ್ಲಿ ದೊಡ್ಡ ಪಾಲು ವಿಮಾನವನ್ನು ಮುಂದೂಡುವ ಬದಲು ಗದ್ದಲವಾಗಿ ಪೋಲಾಗುತ್ತದೆ.

ಆದುದರಿಂದ ಇಂಜಿನಿಯರುಗಳು ಎಂಜಿನಿಗೂ ಪ್ರೊಪೆಲ್ಲರಿಗೂ ನಡುವೆ ಹಲ್ಲುಚಕ್ರಗಳನ್ನು ಇಟ್ಟರು. ಎಂಜಿನು ನಾಲ್ಕು ಸುತ್ತು ಸುತ್ತಿದರೆ ಪ್ರೊಪೆಲ್ಲರು ಮೂರು ಸುತ್ತು ಸುತ್ತುತ್ತದೆ, 3200ಕ್ಕೆ 2400. ಹೀಗೆ ನಿಧಾನವಾಗಿ ತಿರುಗುವ ಪ್ರೊಪೆಲ್ಲರನ್ನು ದೊಡ್ಡದಾಗಿ ಮಾಡಬಹುದು. 175ರದು ಸುಮಾರು 2.13 ಮೀಟರಿನದು, ಅದರ ತುದಿಯ ವೇಗ 268 ಮೀಟರು ಮಾತ್ರ. ದೊಡ್ಡ ಪ್ರೊಪೆಲ್ಲರಿನಿಂದ ಇನ್ನೊಂದು ಲಾಭವೂ ಉಂಟು. ನೂಕುವ ಬಲವು ಹಿಂದಕ್ಕೆ ಎಸೆದ ಗಾಳಿಯ ರಾಶಿಯನ್ನೂ ಅದರ ವೇಗವನ್ನೂ ಗುಣಿಸಿದಷ್ಟು. ಅದಕ್ಕೆ ತೆರಬೇಕಾದ ಶಕ್ತಿಯಾದರೋ ವೇಗದ ವರ್ಗವನ್ನು ಅನುಸರಿಸುತ್ತದೆ. ಎರಡರಷ್ಟು ಗಾಳಿಯನ್ನು ಅರ್ಧ ವೇಗದಲ್ಲಿ ಎಸೆದರೆ ನೂಕು ಅಷ್ಟೇ ದೊರೆತು, ಗಾಳಿಗೆ ಒಪ್ಪಿಸಿದ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ರೈಟ್ ಸಹೋದರರು 1903ರಲ್ಲಿ ಬೈಸಿಕಲ್ಲಿನ ಸರಪಳಿಯಂತಹ ಸರಪಳಿಗಳಿಂದ ತಮ್ಮ ಎರಡು ದೊಡ್ಡ ಪ್ರೊಪೆಲ್ಲರುಗಳನ್ನು ಎಂಜಿನಿಗಿಂತ ಮೆಲ್ಲಗೆ ತಿರುಗಿಸಿದ್ದು ಇದೇ ಲೆಕ್ಕದಿಂದ.

ಇಷ್ಟು ಸೊಗಸಾದ ಏರ್ಪಾಡಿಗೆ ಕೆಟ್ಟ ಹೆಸರು ಬಂದುದು ಹೇಗೆ? ನಮ್ಮ ಅಭಿಪ್ರಾಯದಲ್ಲಿ, ಯಂತ್ರಕ್ಕಿಂತ ಹೆಚ್ಚಾಗಿ ಅಭ್ಯಾಸದಿಂದ. 172ನ್ನು ಹಾರಿಸಿ ಪಳಗಿದ ವೈಮಾನಿಕನಿಗೆ ಸುತ್ತುಗಳನ್ನು ತೋರಿಸುವ ಮುಳ್ಳು 2400ರ ಬಳಿ ನಿಂತರೆ ನೆಮ್ಮದಿ. 3000ದ ಕಡೆಗೆ ಏರಿದರೆ ಎಂಜಿನನ್ನು ಕೊಲ್ಲುತ್ತಿದ್ದೇನೆಂಬ ಅಳುಕು. ಇಂತಹವನು 175ರಲ್ಲಿ ಕುಳಿತು, ಎಂಜಿನಿನ ಮೇಲಿನ ಕರುಣೆಯಿಂದಲೇ, ಮುಳ್ಳನ್ನು 2400ಕ್ಕೆ ಇಳಿಸಿದ. ಅಲಗುಗಳ ಓರೆ ಬದಲಾಗದ ಪ್ರೊಪೆಲ್ಲರು ಹೀರುವ ಶಕ್ತಿ ಸುಮಾರಾಗಿ ಸುತ್ತುಗಳ ಘನವನ್ನು ಅನುಸರಿಸುತ್ತದೆ. 2400 ಎಂಬುದು 3200ರ ಮುಕ್ಕಾಲು. ಮುಕ್ಕಾಲಿನ ಘನ 0.42. ಹೀಗಾಗಿ ಅವನಿಗೆ ದೊರೆಯುವುದು 74 ಅಶ್ವಶಕ್ತಿ. ಅದೇ 2400ರಲ್ಲಿ 172ರ ಎಂಜಿನು 100 ಅಶ್ವಶಕ್ತಿಗಿಂತ ಹೆಚ್ಚು ಕೊಡುತ್ತದೆ!

ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ಶಕ್ತಿ ಕುಗ್ಗಿದರೆ ವಿಮಾನದ ವೇಗ ಕುಗ್ಗುತ್ತದೆ. ಈ ಎಂಜಿನುಗಳನ್ನು ತಣಿಸುವುದು ಎದುರುಗಾಳಿಯೇ ಆದುದರಿಂದ ಸಿಲಿಂಡರುಗಳು ಸರಿಯಾಗಿ ತಣಿಯವು. ಇನ್ನೊಂದು ತೊಂದರೆ ಅನುರಣನದ್ದು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಕಿರುಬೆರಳಿನ ಬಲವೂ ಅದನ್ನು ಎತ್ತರಕ್ಕೆ ಒಯ್ಯುತ್ತದೆಯಷ್ಟೆ. ಪಿಸ್ಟನ್ ಎಂಜಿನಿನ ಬಲ ನದಿಯ ಪ್ರವಾಹದಂತೆ ಸಮನಾಗಿ ಬರುವುದಿಲ್ಲ. ಕುಟ್ಟಾಣಿಯ ಪೆಟ್ಟುಗಳಂತೆ ಬಿಟ್ಟು ಬಿಟ್ಟು ಬರುತ್ತದೆ. ಕಡಮೆ ಸುತ್ತುಗಳಲ್ಲಿ ಆ ಪೆಟ್ಟುಗಳು, ಎಂಜಿನನ್ನೂ ಹಲ್ಲುಚಕ್ರಗಳನ್ನೂ ಜೋಡಿಸುವ ದಂಡದ ಸಹಜ ಲಯಕ್ಕೆ ಹೊಂದಿಕೊಂಡು ಅದನ್ನು ಕಂಪಿಸುವಂತೆ ಮಾಡಿದುವು. ಹಲ್ಲುಗಳು ಒಂದನ್ನೊಂದು ಕಡಿದು ಸವೆದುವು. ದಯೆ ತೋರಿದವನ ಕೈಯಲ್ಲಿಯೇ ಯಂತ್ರ ಬೇಗ ಕೆಟ್ಟಿತು. ಅಪಕೀರ್ತಿ ಮಾತ್ರ ಯಂತ್ರದ ಪಾಲಿಗೆ ಬಂತು.

ಹಲ್ಲುಚಕ್ರವೇ ದೋಷವಲ್ಲವೆಂಬುದಕ್ಕೆ ಇಂದಿನ ಸಾಕ್ಷಿಯೂ ಇದೆ. ಆಸ್ಟ್ರಿಯದ ರೋಟಾಕ್ಸ್ 912 ಎಂಜಿನು 5800 ಸುತ್ತುಗಳವರೆಗೆ ಓಡಿ, ಹಲ್ಲುಚಕ್ರಗಳ ಮೂಲಕ ಪ್ರೊಪೆಲ್ಲರನ್ನು ಅದರ ಅರ್ಧಕ್ಕೂ ಕಡಮೆ ವೇಗದಲ್ಲಿ ತಿರುಗಿಸುತ್ತದೆ. ಅನೇಕ ದೇಶಗಳ ಹಗುರ ವಿಮಾನಗಳು ಅದನ್ನು ನೆಚ್ಚಿಕೊಂಡಿವೆ. ಅದನ್ನು ನಡೆಸುವವರು ಮೊದಲಿನಿಂದಲೇ ದೊಡ್ಡ ಅಂಕಿಗೆ ಕಣ್ಣನ್ನು ಒಗ್ಗಿಸಿಕೊಂಡಿದ್ದಾರೆ.

ಈಗ ನಮ್ಮ ಕೊಳ್ಳುವವನಿಗೆ ಬರೋಣ. ಅವನ ವರ್ಷಗಳ ಉಳಿತಾಯವೂ, ಹಾರುವಾಗ ಪ್ರಾಣವೂ, ಅದೇ ಎಂಜಿನನ್ನು ನೆಚ್ಚಿಕೊಂಡಿರುತ್ತವೆ. ಮೊದಲು ನೋಡಬೇಕಾದುದು ದಿನಚರಿ ಪುಸ್ತಕ. ಜಿಒ-300ನ್ನು 1200 ಗಂಟೆಗಳ ಹಾರಾಟಕ್ಕೊಮ್ಮೆ ಪೂರ್ತಿ ಬಿಚ್ಚಿ ನವೀಕರಿಸಬೇಕೆಂಬುದು ತಯಾರಕರ ಸಲಹೆ. ಒ-300ಕ್ಕೆ 1800 ಗಂಟೆಗಳು. ಅಗ್ಗದ ವಿಮಾನ ಈ ಗಡುವಿನ ಹತ್ತಿರವಿದ್ದರೆ ಅದು ಅಗ್ಗವಲ್ಲ. ಗಂಟೆಗಳು ಕಡಮೆಯೆಂದು ಹಿಗ್ಗುವಂತೆಯೂ ಇಲ್ಲ. ಹತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತ ಎಂಜಿನಿನೊಳಗೆ ತೇವ ಇಳಿದು ಉಕ್ಕು ತುಕ್ಕು ಹಿಡಿದಿರುತ್ತದೆ. ವಾರವಾರವೂ ಹಾರಿದ ಎಂಜಿನೇ ಎಷ್ಟೋ ಮೇಲು. ಆಮೇಲೆ ಸಿಲಿಂಡರುಗಳ ಪರೀಕ್ಷೆ: ಪ್ರತಿಯೊಂದಕ್ಕೂ ಚದರಂಗುಲಕ್ಕೆ 80 ಪೌಂಡು ಒತ್ತಡದ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುತ್ತಾರೆ. ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾಗುವುದು ಎಣ್ಣೆಯ ಪರೀಕ್ಷೆ. ಹಳೆಯ ಎಣ್ಣೆಯನ್ನು ಉರಿಸಿ ಬೆಳಕಿನ ರೋಹಿತವನ್ನು ನೋಡಿದರೆ, ದಶಲಕ್ಷದಲ್ಲಿ ಕೆಲವೇ ಭಾಗವಿರುವ ಲೋಹವೂ ತನ್ನ ರೇಖೆಗಳಿಂದ ಪತ್ತೆಯಾಗುತ್ತದೆ. ಅಲ್ಯುಮಿನಿಯಮ್ ಪಿಸ್ಟನ್ನಿನ ಸವೆತವನ್ನು ಸೂಚಿಸುತ್ತದೆ. ಕಬ್ಬಿಣ ಸಿಲಿಂಡರಿನದನ್ನೋ ಹಲ್ಲುಚಕ್ರದ್ದನ್ನೋ ಸೂಚಿಸುತ್ತದೆ. ನಕ್ಷತ್ರದ ಮೈಯನ್ನು ಓದಿದ ವಿದ್ಯೆಯೇ ಎಂಜಿನಿನ ಹೊಟ್ಟೆಯನ್ನೂ ಓದುತ್ತದೆ.

ಮೂಲ ಎಂಜಿನನ್ನು ತೆಗೆದುಹಾಕಿ, ಹಲ್ಲುಚಕ್ರವಿಲ್ಲದ 180 ಅಶ್ವಶಕ್ತಿಯ ಲೈಕಮಿಂಗ್ ಒ-360 ಎಂಜಿನನ್ನು ಕೂಡಿಸಿದವರೂ ಅನೇಕರಿದ್ದಾರೆ. ಅದಕ್ಕೆ ಸರ್ಕಾರದ ವಿಶೇಷ ಮಂಜೂರಾತಿ ಬೇಕು. ಖರ್ಚು ವಿಮಾನದ ಬೆಲೆಯನ್ನೇ ನುಂಗಬಲ್ಲುದು. ಆದರೆ ಜಿಒ-300ರ ತಯಾರಿಕೆ ನಿಂತು ಬಹುಕಾಲವಾಗಿದೆ. ಅದರ ಹಲ್ಲುಚಕ್ರಗಳು ಸುಲಭವಾಗಿ ಸಿಕ್ಕುವ ಸರಕಲ್ಲ. ದಾಖಲೆ ಶುದ್ಧವಾಗಿದ್ದು ಗಡುವು ದೂರವಿದ್ದರೆ ಮೂಲ ಎಂಜಿನನ್ನು ಉಳಿಸಿಕೊಳ್ಳುವುದೂ, ಗಡುವು ಸಮೀಪಿಸಿದ್ದರೆ ಬದಲಾವಣೆಯ ಖರ್ಚನ್ನು ಬೆಲೆಯೊಡನೆ ಮೊದಲೇ ಕೂಡಿಸಿಕೊಳ್ಳುವುದೂ ನಮಗೆ ಸರಿಯೆಂದು ತೋರುತ್ತದೆ.

ಉಳಿದುದು ಪರೀಕ್ಷೆಯ ಹಾರಾಟ. ಅದರಲ್ಲಿ ಕೊಳ್ಳುವವನು ಹೊರಗಿನ ನೋಟವನ್ನು ಬಿಟ್ಟು ಮಾರುವವನ ಕೈಯನ್ನು ಗಮನಿಸಬೇಕು. ಘನದ ಲೆಕ್ಕದಂತೆ ಮುಕ್ಕಾಲು ಶಕ್ತಿ ಬೇಕಾದರೆ ಮುಳ್ಳು 2900ರ ಆಸುಪಾಸಿನಲ್ಲಿರಬೇಕು. ವಿಮಾನ ಮಟ್ಟಸವಾಗಿ ಹಾರತೊಡಗಿದೊಡನೆ ಆ ಕೈ ಮುಳ್ಳನ್ನು 2400ಕ್ಕೆ ತಂದು ನಿಲ್ಲಿಸಿದರೆ, ಹಣದ ಮಾತೆತ್ತುವ ಮೊದಲು ಹಲ್ಲುಚಕ್ರದ ಪೆಟ್ಟಿಗೆಯನ್ನು ಬಿಚ್ಚಿಸಿ ನೋಡಬೇಕು.