ಹೊಸ್ತಿಲ ಒಳಗಿನ ದೌರ್ಜನ್ಯ: ಬೆಳಗಾವಿ, ಖಾನಾಪುರಗಳ ಹಿನ್ನೆಲೆಯಲ್ಲಿ

ದೌರ್ಜನ್ಯ ಎಂಬ ಮಾತಿಗೆ ಕನ್ನಡದಲ್ಲಿ ಇವತ್ತು ಇರುವ ಕಾವನ್ನು ಬಹುಮಟ್ಟಿಗೆ ಕೊಟ್ಟದ್ದು ದಲಿತ ಚಳುವಳಿ. ಬಾವಿ ಮುಟ್ಟಿದ್ದಕ್ಕೆ ಬಿದ್ದ ಏಟು, ಸುಟ್ಟ ಗುಡಿಸಲು, ಬಹಿಷ್ಕಾರ ಇವೆಲ್ಲವನ್ನೂ 1970ರ ದಶಕದಿಂದೀಚೆಗೆ ಈ ಒಂದು ಪದದ ಅಡಿಯಲ್ಲಿ ತಂದು ಠಾಣೆಯ ಮೆಟ್ಟಿಲು ಹತ್ತಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಈ ಪದ ನಡೆದದ್ದು ಒಂದೇ ದಿಕ್ಕಿಗೆ, ಊರಿನಿಂದ ಕೇರಿಗೆ. ಕೇರಿಯೊಳಗೆ, ಅದೂ ಮನೆಯ ಹೊಸ್ತಿಲು ದಾಟಿದ ಮೇಲೆ, ಕುಡಿದು ಬಂದ ಗಂಡ ಹೆಂಡತಿಯ ತಲೆಯನ್ನು ಗೋಡೆಗೆ ಬಡಿದರೆ ಅದಕ್ಕೆ ನಮ್ಮ ಬಾಯಲ್ಲಿ ಬೇರೆ ಹೆಸರು: ಜಗಳ, ಸಂಸಾರ, ಮನಿ ಮಾತು. ಬೆಳಗಾವಿ ಕಡೆ ಹಿರಿಯರು ಕೂಡಿದಾಗ ಮೊದಲು ಬರುವ ಮಾತೂ ಅದೇ: "ಗಂಡ ಹೆಂಡ್ತಿ ಜಗಳ ಉಂಡು ಮಲಗೂತನಕ." ಆಕಿ ಉಂಡಳೋ ಇಲ್ಲೋ ಎಂದು ಯಾರೂ ಕೇಳುವುದಿಲ್ಲ.

ಯಾಕೆ ಹೀಗೆ ಎಂಬುದಕ್ಕೆ ಉತ್ತರ ನಮಗೆ ಗೊತ್ತು. ಮೊದಲೇ ಊರವರು ಕೇರಿಯವರನ್ನು ಕುಡುಕರು, ಬಡಿದಾಡುವವರು ಎನ್ನುತ್ತಾರೆ. ನಾವೇ ಬಾಗಿಲು ತೆರೆದು ತೋರಿಸಿದರೆ ಅವರ ಕೈಗೆ ಬಡಿಗಿ ಕೊಟ್ಟಂತಲ್ಲವೇ ಎಂಬ ಅಂಜಿಕೆ. ಅಂಜಿಕೆ ಸುಳ್ಳಲ್ಲ. ದೊಡ್ಡ ಮನೆಗಳ ಹೊಡೆತ ದಪ್ಪ ಗೋಡೆಯ ಹಿಂದೆ ನಡೆಯುತ್ತದೆ, ಕೇರಿಯದು ತಗಡಿನ ಹಿಂದೆ. ಕೇಳಿಸುವುದರಲ್ಲಿ ಇರುವ ವ್ಯತ್ಯಾಸವನ್ನೇ ಸಂಸ್ಕೃತಿಯ ವ್ಯತ್ಯಾಸ ಮಾಡಿ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೂ ಸಮುದಾಯದ ಮಾನ ಕಾಯುವ ಈ ಮೌನದ ಬೆಲೆಯನ್ನು ಯಾರ ಮೈ ತೆರುತ್ತಿದೆ ಎಂಬ ಪ್ರಶ್ನೆಯನ್ನು ದಲಿತ ವಿಮರ್ಶೆ ಕೇಳಲೇಬೇಕಾಗಿದೆ.

ಬಾಬಾಸಾಹೇಬರು ಈ ಹೊಸ್ತಿಲಲ್ಲಿ ನಿಲ್ಲಲಿಲ್ಲ. 1936ರ ಜೂನ್‌ನಲ್ಲಿ ಮುಂಬಯಿಯ ದಾಮೋದರ ಹಾಲ್‌ನಲ್ಲಿ ದೇವದಾಸಿಯರು, ಜೋಗತಿಯರು, ಆರಾಧಿಗಳು ಸೇರಿದ ಸಭೆಯಲ್ಲಿ ಅವರು ಮಾತಾಡಿದರು. ಬೆಳಗಾವಿ ಸೀಮೆಯಿಂದ ಮುಂಬಯಿಗೆ ಹೋದ ಹೆಣ್ಣುಮಕ್ಕಳ ಕಥೆ ಬಲ್ಲವರಿಗೆ ಈ ಸಭೆ ದೂರದ್ದಲ್ಲ. ಆ ಕಸುಬು ಬಿಟ್ಟು ಬನ್ನಿ ಎಂಬ ಅವರ ಮಾತು ಕಠಿಣವಾಗಿತ್ತು; ಆ ಹೆಂಗಸರನ್ನು ಬಳಸಿಕೊಂಡ ಗಂಡಸರು ಸಭೆಯಲ್ಲಿ ಕೂತಿರಲಿಲ್ಲವಲ್ಲ ಎಂದು ಇವತ್ತು ನಾವು ಕೇಳಬಹುದು. 1942ರ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಅವರು ಹೆಂಡತಿಯಾದವಳು ಗಂಡನ ಗೆಳತಿಯಾಗಬೇಕು, ಸಮಾನಳಾಗಬೇಕು, ಗುಲಾಮಳಾಗಲು ಒಪ್ಪಬಾರದು ಎಂದರು. ಮರಾಠಿಯಲ್ಲಿ ಬೇಬಿ ಕಾಂಬ್ಳೆ ತಮ್ಮ ಆತ್ಮಕಥೆಯಲ್ಲಿ ಮಹಾರವಾಡದ ಸೊಸೆಯರ ಮೇಲಿನ ಹಿಂಸೆಯನ್ನು ಮುಚ್ಚಿಡದೆ ಬರೆದರು. ಬರೆದದ್ದನ್ನು ವರ್ಷಗಟ್ಟಲೆ ಗಂಡನಿಂದ ಬಚ್ಚಿಟ್ಟಿದ್ದರು. ಬೆಳಗಾವಿ, ಖಾನಾಪುರಗಳಲ್ಲಿ ಮರಾಠಿ ಓದುವವರಿಗೆ ಬರವಿಲ್ಲ, ಆದರೂ ಗಡಿ ಭಾಷೆಯ ಗದ್ದಲದಲ್ಲಿ ಈ ಪುಸ್ತಕ ಈಚೆಗೆ ದಾಟಿ ಬಂದದ್ದು ಕಡಿಮೆ. ದಲಿತ ಹೆಣ್ಣು ಬೇರೆಯಾಗಿಯೇ ಮಾತಾಡುತ್ತಾಳೆ ಎಂದು ಗೋಪಾಲ್ ಗುರು 1995ರಲ್ಲಿ ವಾದಿಸಿದಾಗಲೂ ನಮ್ಮ ವಿಮರ್ಶೆ ತಲೆ ಆಡಿಸಿತು, ಮುಂದೆ ಹೋಯಿತು. ಅವ್ವನನ್ನು ಹಾಡಿ ಹೊಗಳಿದಷ್ಟು ಅವ್ವನ ಬೆನ್ನ ಮೇಲಿನ ಬಾಸುಂಡೆಯನ್ನು ನಾವು ಓದಿಲ್ಲ.

ಕಾನೂನೂ ಇದೇ ಹೊಸ್ತಿಲಲ್ಲಿ ಮುಗ್ಗರಿಸುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯವಾಗಬೇಕಾದರೆ ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿರಬಾರದು. ಆದ್ದರಿಂದ ಕೇರಿಯ ಗಂಡ ಕೇರಿಯ ಹೆಂಡತಿಗೆ ಹೊಡೆದರೆ ಆ ಕಾಯ್ದೆ ಅಲ್ಲಿ ಇಲ್ಲ. ಇದು ಸರಿಯೇ. ಆದರೆ ಮೇಲ್ಜಾತಿಯವನನ್ನು ಮದುವೆಯಾಗಿ ಹೋದ ದಲಿತ ಹುಡುಗಿಯನ್ನು ಅತ್ತೆಮನೆಯವರು ಅಡುಗೆಮನೆಯಲ್ಲಿ ಜಾತಿ ಹಿಡಿದು ಬೈದರೆ? ಜಾತಿನಿಂದನೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ನಡೆದಿರಬೇಕು, ಹೊರಗಿನವರಾರೂ ಇಲ್ಲದ ನಾಲ್ಕು ಗೋಡೆಯ ನಡುವಿನ ಬೈಗುಳ ಆ ಕಲಮಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಅಂದರೆ ಒಳಗೆ ಹೊಡೆದವ ನಮ್ಮವನಾದರೂ ಬೇರೆಯವನಾದರೂ ಜಾತಿಯ ಕಾನೂನು ಬಾಗಿಲಲ್ಲೇ ತಡವರಿಸುತ್ತದೆ. ಉಳಿಯುವುದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ. ಅದಕ್ಕೆ ಜಾತಿ ಕಣ್ಣಿಲ್ಲ, ಆದರೆ ಮನೆಯೊಳಗೆ ಬರುವ ಕಾಲಿದೆ.

2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ಸುಮಾರು 21 ಇತ್ತು. ಹೊಡೆತ ಹೆಚ್ಚಾಯಿತೋ ಹೇಳುವ ಬಾಯಿ ಹೆಚ್ಚಾಯಿತೋ ಎಂದು ಪಂಡಿತರು ಚರ್ಚಿಸಲಿ, ಎರಡೂ ಇರಬಹುದು. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯ ಜೊತೆ ಹೋದನೆಂಬ ಕಾರಣಕ್ಕೆ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದಾಗ ಹೈಕೋರ್ಟು ತಾನೇ ಮುಂದಾಗಿ ಪ್ರಕರಣ ಕೈಗೆತ್ತಿಕೊಂಡಿತು, ಮಂತ್ರಿಗಳು ಬಂದರು. ಬರಬೇಕಾದದ್ದೇ. ದಿನಾ ರಾತ್ರಿ ಬಾಗಿಲು ಹಾಕಿಕೊಂಡು ನಡೆಯುವುದಕ್ಕೆ ಯಾರು ಬರಬೇಕು?

ಕಾನೂನಿನ ಪ್ರಕಾರ ಮೊದಲು ಬರಬೇಕಾದವರು ರಕ್ಷಣಾಧಿಕಾರಿ. ಕರ್ನಾಟಕದಲ್ಲಿ ತಾಲೂಕು ಮಟ್ಟದಲ್ಲಿ ಈ ಜವಾಬ್ದಾರಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲಿಗಿದೆ, ಅಂದರೆ ತಾಲೂಕಿನ ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವ ಅದೇ ಅಧಿಕಾರಿ. ಮೊಟ್ಟೆ, ಹಾಲಿನಪುಡಿ ಲೆಕ್ಕದ ನಡುವೆ ಒಡೆದ ತಲೆಯ ಲೆಕ್ಕ. ಈ ವ್ಯವಸ್ಥೆಯನ್ನು ಟೀಕಿಸುವುದು ಸುಲಭ, ಆದರೆ ಅದರಲ್ಲೇ ಒಂದು ದಾರಿಯೂ ಇದೆ: ಕೇರಿಯ ಅಂಗನವಾಡಿ ಅಕ್ಕನ ಮೂಲಕ ಆ ಕಚೇರಿಗೆ ಸುದ್ದಿ ಮುಟ್ಟಿಸಬಹುದು. ಹೊಡೆಸಿಕೊಂಡವಳೇ ಹೋಗಬೇಕೆಂದಿಲ್ಲ. ಸದುದ್ದೇಶದಿಂದ ಯಾರು ಬೇಕಾದರೂ ತಿಳಿಸಬಹುದು, ತಿಳಿಸಿದವರ ಮೇಲೆ ಕೇಸು ಬೀಳದಂತೆ 4ನೆಯ ಕಲಮಿನ ರಕ್ಷಣೆಯಿದೆ. ಅಧಿಕಾರಿ ಬರೆಯಬೇಕಾದದ್ದು ಕೌಟುಂಬಿಕ ಘಟನೆಯ ವರದಿ. ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಹೊಡೆಯಬಾರದೆಂಬ ಆದೇಶ, ಮನೆಯಲ್ಲಿ ಇರುವ ಹಕ್ಕು, ಜೀವನಾಂಶ, ಮಕ್ಕಳ ತಾತ್ಕಾಲಿಕ ವಶ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ತೀರ್ಮಾನ ಎಂದು ಬರಹದಲ್ಲಿದೆ. ಕೋರ್ಟಿನ ಕಟ್ಟೆಯ ಮೇಲೆ ಕೂತವರಿಗೆ ಆ ಬರಹದ ಬೆಲೆ ಗೊತ್ತು. ಆದರೆ ಮಧ್ಯಂತರ ಆದೇಶವನ್ನು ಗಂಡ ಬರುವ ಮೊದಲೇ ಕೊಡಲು ಅವಕಾಶವಿದೆ ಎಂಬುದನ್ನು ವಕೀಲರಿಗೆ ನೆನಪಿಸಬೇಕು. ವಕೀಲರ ಖರ್ಚಿನ ಚಿಂತೆ ಬೇಡ: ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗಬೇಕು.

ಇಷ್ಟೆಲ್ಲ ಇದ್ದೂ ಖಾನಾಪುರದ ಹೆಂಗಸಿಗೆ ದಾರಿ ಉದ್ದ. ಊರಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್ ಎಂಬುದು ಖಾನಾಪುರ ಪೇಟೆಯವರ ಲೆಕ್ಕ. ಕಣಕುಂಬಿ ಕಡೆಯ, ಭೀಮಗಡ ಕಾಡಿನೊಳಗಿನ ಹಳ್ಳಿಗಳ ಲೆಕ್ಕವೇ ಬೇರೆ. ಮಳೆಗಾಲದಲ್ಲಿ ಅಲ್ಲಿ ಹಳ್ಳ ತುಂಬಿದರೆ ರೋಗಿಯನ್ನೂ ಹೊತ್ತೇ ತರಬೇಕು. ಇಟ್ಟಂಗಿ ಭಟ್ಟಿಯಲ್ಲಿ ಗಂಡ ಹೆಂಡತಿ ಜೋಡಿಯಾಗಿ ಮುಂಗಡ ತಗೊಂಡಿದ್ದರೆ ಆಕೆ ಬಿಟ್ಟು ಬರುವುದೆಂದರೆ ಸಾಲದ ಮಾತೂ ಬಂತು. 181ಕ್ಕೆ ಫೋನ್ ಮಾಡಬಹುದು, ಆದರೆ ಫೋನ್ ಗಂಡನ ಕಿಸೆಯಲ್ಲಿರುತ್ತದೆ. ಈ ನಡುವೆ ಒಂದು ಸಣ್ಣ ಸಂಗತಿ ಬದಲಾಯಿತು. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ದುಡ್ಡು ಬೇಡವಾಯಿತು. ಬಸ್ಸು ತುಂಬಿತೆಂದು ಗೊಣಗುವವರು ಗೊಣಗಲಿ, ಮಧ್ಯರಾತ್ರಿ ಹೊಡೆಸಿಕೊಂಡು ಬೆಳಿಗ್ಗೆ ಕೈಯಲ್ಲಿ ಹತ್ತು ರೂಪಾಯಿ ಇಲ್ಲದವಳು ಬೆಳಗಾವಿ ಮುಟ್ಟುವಂತಾದದ್ದು ಕಡಿಮೆ ಮಾತಲ್ಲ. ಆಧಾರ್ ಕಾರ್ಡು ಮಾತ್ರ ಗಂಡನ ಪೆಟ್ಟಿಗೆಯಲ್ಲಿ ಇರಬಾರದು. ಕಾರ್ಯಕರ್ತರು ಮಾಡಬಹುದಾದ ಮೊದಲ ಕೆಲಸ ಭಾಷಣವಲ್ಲ, ಆಕೆಯ ಕಾಗದಪತ್ರಗಳ ನಕಲು ನೆರೆಮನೆಯಲ್ಲಿ ಒಂದು ಚೀಲದಲ್ಲಿ ಇರುವಂತೆ ನೋಡುವುದು.

ಇನ್ನು ರಾಜಿ. ಕೇರಿಯಲ್ಲಿ ಹಿರಿಯರು ಕೂಡುತ್ತಾರೆ, ಹಲವು ಸಲ ನಮ್ಮ ಸಂಘಟನೆಯ ಮುಖಂಡರೇ ಕೂಡುತ್ತಾರೆ. ಛಾಪಾ ಕಾಗದದ ಮೇಲೆ "ಇನ್ನ ಮ್ಯಾಲೆ ಹೊಡ್ಯಾಂಗಿಲ್ಲ" ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತಾರೆ. ಆ ಕಾಗದವನ್ನು ಮುರಿದವನಿಗೆ ಏನೂ ಆಗುವುದಿಲ್ಲ. ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಇದೆ. ಆಕೆಯೇ ಮನೆಗೆ ಹಿಂತಿರುಗುತ್ತೇನೆ ಎಂದರೆ ತಡೆಯುವ ಹಕ್ಕು ನಮಗಿಲ್ಲ; ಹಿಂತಿರುಗುವ ಮೊದಲು ಘಟನೆಯ ವರದಿಯಾದರೂ ದಾಖಲಾಗಲಿ. ಮುಂದಿನ ಸಲಕ್ಕೆ ಅದೇ ಸಾಕ್ಷಿ. ಎರಡು ಸಲ, ಮೂರು ಸಲ ಹೋಗಿ ಬಂದವಳನ್ನು ನೋಡಿ "ಆಕಿಗೇ ಬೇಕಾಗಿಲ್ಲ ಬಿಡ್ರಿ" ಎನ್ನುವ ಕಾರ್ಯಕರ್ತರನ್ನು ಕಂಡಿದ್ದೇವೆ. ಕೂಲಿ, ಮಕ್ಕಳು, ತವರಿನಲ್ಲಿ ಜಾಗವಿಲ್ಲದ ಒಂದು ಕೋಣೆಯ ಮನೆ ಇವನ್ನೆಲ್ಲ ಎಣಿಸಿಯೇ ಆಕೆ ಹಿಂತಿರುಗಿದ್ದಾಳೆ.

ಗಂಡನೇ ಇಲ್ಲದ ಮನೆಗಳ ವಿಷಯ ಇನ್ನೂ ತೊಡಕು. ರಾಜ್ಯದ ಎರಡು ಸಮೀಕ್ಷೆಗಳು ಸೇರಿ ಗುರುತಿಸಿದ ದೇವದಾಸಿಯರ ಸಂಖ್ಯೆ 46,660. ಬೆಳಗಾವಿ ಜಿಲ್ಲೆ ಆ ಪದ್ಧತಿಯ ನೆಲಗಳಲ್ಲೊಂದು, ಸವದತ್ತಿ ಇಲ್ಲಿಯೇ ಇದೆ. ಹೊಡೆಯುವವನು ಇಲ್ಲಿ 'ಇಟ್ಟುಕೊಂಡವ', ಊರಲ್ಲಿ ಅವನಿಗೆ ಹೆಂಡತಿಯಿದ್ದಾಳೆ. 2005ರ ಕಾಯ್ದೆ ಮದುವೆಯಂಥ ಸಂಬಂಧಕ್ಕೂ ಅನ್ವಯಿಸುತ್ತದೆ, ನಿಜ. ಆದರೆ ಇಬ್ಬರೂ ಮದುವೆಯಾಗಲು ಅರ್ಹರಾಗಿರಬೇಕು ಎಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿ, ಇಟ್ಟುಕೊಂಡ ಹೆಂಗಸನ್ನು ಹೊರಗೇ ನಿಲ್ಲಿಸಿತು. ನ್ಯಾಯದ ಭಾಷೆಯಲ್ಲಿ ಜಾತಿ ಹೇಗೆ ಹೆಸರಿಲ್ಲದೆ ಕೆಲಸ ಮಾಡುತ್ತದೆ ಎಂಬುದಕ್ಕೆ ವಿಮರ್ಶಕರು ಈ ತೀರ್ಪನ್ನು ಓದಬೇಕು. ಘಟಪ್ರಭಾ ಭಾಗದಲ್ಲಿ ಮಾಜಿ ದೇವದಾಸಿಯರೇ 1997ರಲ್ಲಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅದನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದ ಸೀತವ್ವ ಜೋಡಟ್ಟಿ, ಇವರೆಲ್ಲ ಮಾಡಿದ ಕೆಲಸ ಈ ಹೊರಗೆ ನಿಂತವರ ನಡುವಿನದು. ತಂದೆಯ ಹೆಸರಿನ ಜಾಗ ಖಾಲಿ ಬಿಡಬೇಕಾದ ಮಕ್ಕಳಿಗೆ ತಂದೆಯನ್ನು ಗುರುತಿಸಿ ಹಕ್ಕು ಕೇಳುವ ಅವಕಾಶ ಕೊಡುವ ಮಸೂದೆಯನ್ನು ವಿಧಾನಮಂಡಲ ಅಂಗೀಕರಿಸಿದ್ದು 2025ರಲ್ಲಿ.

ಮಕ್ಕಳ ಮಾತಿಗೆ ಬಂದರೆ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಇನ್ನೊಂದು ಗಾದೆಯೂ ನಮ್ಮಲ್ಲಿದೆ. ಇದು ಮೊದಲಿನ ಗಾದೆಗಿಂತ ನಿಜ ಹೇಳುತ್ತದೆ. ಅವ್ವನಿಗೆ ಬೀಳುವ ಏಟನ್ನು ನೋಡುವ ಮಗು ತನಗೆ ಆದದ್ದನ್ನು ಅವ್ವನಿಗೆ ಹೇಳುವುದಿಲ್ಲ. ಹೇಳಿದರೆ ಆಕೆಗೆ ಇನ್ನೂ ನಾಲ್ಕು ಬೀಳುತ್ತವೆ ಎಂದು ಅದಕ್ಕೆ ಗೊತ್ತು. ಮಗುವಿನ ಮೈ ಮುಟ್ಟಿದವನು ಮಾವನೋ ಕಾಕಾನೋ ಮನೆಗೆ ಬಂದುಹೋಗುವವನೋ ಆಗಿರುವುದೇ ಹೆಚ್ಚು. 2012ರ ಪೋಕ್ಸೊ ಕಾಯ್ದೆಯಡಿ ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಇಲ್ಲಿ ಹಿರಿಯರ ರಾಜಿಗೆ ಜಾಗವೇ ಇಲ್ಲ, ಮುಚ್ಚಿಟ್ಟವರಿಗೂ ಆರು ತಿಂಗಳವರೆಗೆ ಶಿಕ್ಷೆಯಿದೆ. ಇದೇ ಕಾನೂನನ್ನು ಹದಿನೇಳರ ಹುಡುಗಿ ಕೇರಿಯ ಹುಡುಗನನ್ನು ಪ್ರೀತಿಸಿದಾಗ ಹುಡುಗನ ಕೊರಳಿಗೆ ಕಟ್ಟುವುದೂ ನಡೆದಿದೆ, ಅದು ಪ್ರತ್ಯೇಕ ಲೇಖನದ ಮಾತು.

ಆ ಕಾಯ್ದೆಯಲ್ಲಿ ದಲಿತ ಸಾಹಿತ್ಯ ಓದಿದವರಿಗೆ ಥಟ್ಟನೆ ಹತ್ತಿರವಾಗುವ ಒಂದು ಸೂಚನೆಯಿದೆ: ಮಗುವಿನ ಹೇಳಿಕೆಯನ್ನು ಮಗು ಆಡಿದ ಹಾಗೆಯೇ ಬರೆದುಕೊಳ್ಳಬೇಕು. ಸಮವಸ್ತ್ರವಿಲ್ಲದ ಪೊಲೀಸರು, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ಮಗು ಇರುವಲ್ಲಿಗೆ ಹೋಗಿ, ಅದು ನಂಬುವ ಒಬ್ಬರ ಎದುರು ಬರೆದುಕೊಳ್ಳಬೇಕು. ಅಪ್ಪನೇ ಆರೋಪಿಯಾದರೆ ಆ ನಂಬಿಕೆಯವರು ಯಾರೆಂದು ಮೊದಲೇ ಯೋಚಿಸಬೇಕು. ಖಾನಾಪುರದ ಮಗು ಮನೆಯಲ್ಲಿ ಮರಾಠಿಯನ್ನೋ ಕೊಂಕಣಿ ಬೆರೆತ ಮಾತನ್ನೋ ಆಡುತ್ತದೆ, ಠಾಣೆಯ ಬರಹ ಕನ್ನಡದಲ್ಲಿ. "ತೋ ಚಾಂಗ್ಲಾ ನಾಯ್" ಎಂದು ಮಗು ಅಂದದ್ದು ಬರೆಯುವವರ ಕೈಯಲ್ಲಿ "ಸದರಿ ಆರೋಪಿಯು ಅಸಭ್ಯವಾಗಿ ವರ್ತಿಸಿದನು" ಎಂದಾದರೆ, ನಾಳೆ ಕೋರ್ಟಿನಲ್ಲಿ ಮಗುವೇ ತನ್ನ ಮಾತನ್ನು ಗುರುತಿಸುವುದಿಲ್ಲ. ದುಭಾಷಿಯನ್ನು ಕೇಳುವ ಹಕ್ಕು ಕಾಯ್ದೆಯ 26ನೆಯ ಕಲಮಿನಲ್ಲಿದೆ. ನಮ್ಮ ಭಾಷೆಯಲ್ಲೇ ನಮ್ಮ ನೋವು ಬರೆಯುತ್ತೇವೆ ಎಂದು ಹಟ ಹಿಡಿದ ಚಳುವಳಿಗೆ ಈ ಹಟ ಹೊಸದಲ್ಲ. ನಾವು ಮಾಡಬಾರದ್ದು ಒಂದೇ, ಠಾಣೆಗೆ ಮೊದಲು ನಾಲ್ಕು ಜನ ನಾಲ್ಕು ಸಲ ಮಗುವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಸುವುದು. ಒಮ್ಮೆ ಕೇಳಿ, ಅದರ ಮಾತಿನಲ್ಲೇ ತಾರೀಖು ಹಾಕಿ ಬರೆದಿಟ್ಟು, 1098ಕ್ಕೋ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೋ ಮುಟ್ಟಿಸಬೇಕು.

ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ದಲಿತ ಸಂಘರ್ಷ ಸಮಿತಿ ಕೂಗಿದ ಕಾಲದಲ್ಲಿ ಅದನ್ನು ವಿದ್ಯೆಯ ಬೇಡಿಕೆ ಎಂದಷ್ಟೇ ಓದಿದೆವು. ಸಾರಾಯಿ 2007ರಲ್ಲಿ ನಿಂತು ಅದರ ಜಾಗಕ್ಕೆ ಅಗ್ಗದ ಪಾಕೀಟು ಬಂತು. ಹೊಡೆತದ ಮನೆಯಿಂದ ಮಗುವನ್ನು ಎತ್ತಿ ಉಳಿಸುವ ಜಾಗವೂ ವಸತಿ ಶಾಲೆಯೇ ಎಂಬುದು ಈಗ ಕಾಣುತ್ತಿದೆ. ಹಾಸ್ಟೆಲಿನ ರಾತ್ರಿಗಳ ಮೇಲೂ ಕಣ್ಣಿಡಬೇಕು, ಅಲ್ಲಿನ ದೂರುಗಳನ್ನು ನಮ್ಮವರೆಂಬ ಕಾರಣಕ್ಕೆ ಮುಚ್ಚಬಾರದು. ಪ್ರವೇಶಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಅಪ್ಪ ಕೊಡದಿದ್ದರೆ ನಾಡಕಚೇರಿಯಲ್ಲಿ ಹೊಸದಾಗಿ ಅರ್ಜಿ ಹಾಕಬಹುದು. ಶಾಲೆ ತೆರೆಯುವ ಜೂನ್‌ಗೆ ಮುಂಚೆ, ಬೇಸಿಗೆ ರಜೆಯಲ್ಲೇ ಆ ಓಡಾಟ ಮುಗಿಸಿಕೊಂಡರೆ ಒಳ್ಳೆಯದು.