ಮೂರನೆಯ ಅಧ್ಯಾಯ: ಚೌಕಟ್ಟು ನಿಲ್ಲಿಸುವ ಕ್ರಮ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಕಲಘಟಗಿಯ ಬಯಲು ಹಿಂದುಳಿದು ಯಲ್ಲಾಪುರ ತಾಲ್ಲೂಕಿನ ಕಾಡು ಮೊದಲಾಗುವ ಎಡೆಯಲ್ಲಿ ಕಿರವತ್ತಿ ಎಂಬ ಊರಿದೆ. ಅಲ್ಲಿಯ ಅರಣ್ಯ ಇಲಾಖೆಯ ನಾಟಾ ಡಿಪೋದಲ್ಲಿ ಒಟ್ಟಿದ ಸಾಗವಾನಿಯ ದಿಮ್ಮಿಗಳನ್ನು ಕಂಡವರಿಗೆ ಚೌಕಟ್ಟು ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು ಯಾವ ಬಣ್ಣದ್ದೇ ಆಗಲಿ, ಒಳಗೆ ವಾಸಿಸುವವರು ಯಾರೇ ಆಗಲಿ, ಚೌಕಟ್ಟಿನ ಕೆಲಸ ಎಲ್ಲ ಮನೆಗಳಲ್ಲಿಯೂ ಒಂದೇ. ಅದರಂತೆಯೇ, ಬಂದ ಕೋರಿಕೆಯ ವಿಳಾಸವನ್ನು ಗುರುತಿಸುವುದು, ದತ್ತಾಂಶವನ್ನು ಇಟ್ಟು ತೆಗೆಯುವುದು, ಗುಪ್ತಪದಗಳನ್ನು ಕಾಪಾಡುವುದು, ಪುಟವನ್ನು ರಚಿಸಿ ಕಳುಹಿಸುವುದು ಮುಂತಾಗಿ ಬಹುತೇಕ ಜಾಲತಾಣಗಳಿಗೆ ಅವಶ್ಯವಾದ ಸಮಾನ ಕಾರ್ಯಗಳನ್ನು ಮೊದಲೇ ಸಿದ್ಧಪಡಿಸಿ ಕೊಡುವ ಕ್ರಮವಿಧಿಗಳ ಸಮೂಹಕ್ಕೆ ವೆಬ್ ಚೌಕಟ್ಟು ಎಂದು ಹೆಸರು.

ಇಂಥ ಚೌಕಟ್ಟುಗಳು ಹಲವಿದ್ದರೂ ನಾವು ಇಲ್ಲಿ ಜಾಂಗೋ ಎಂಬುದನ್ನು ಆರಿಸಿಕೊಂಡಿದ್ದೇವೆ. 2003ರಲ್ಲಿ ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದ ಒಂದು ವೃತ್ತಪತ್ರಿಕೆಯ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬ ತರುಣರ ಕೈಯಲ್ಲಿ ಹುಟ್ಟಿದ ಇದು, 2005ರ ಜುಲೈ ತಿಂಗಳಲ್ಲಿ ಸರ್ವರ ಉಪಯೋಗಕ್ಕೂ ಉಚಿತವಾಗಿ ಬಿಡುಗಡೆಯಾಯಿತು. ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ಹೆಸರನ್ನೇ ಇದಕ್ಕೆ ಇಟ್ಟರು. ರೋಮನ್ ಲಿಪಿಯಲ್ಲಿ ಮೊದಲಿಗೆ ಕಾಣುವ ‘ಡಿ’ ಅಕ್ಷರಕ್ಕೆ ಉಚ್ಚಾರವಿಲ್ಲ. ಕನ್ನಡದಲ್ಲಿ ಬರೆದರೆ ಆ ತೊಡಕೇ ಉಂಟಾಗದು.

ಸ್ಥಾಪನೆಯ ವಿಧಾನ ಸರಳವಾದುದು. ಜಾಂಗೋವಿನ 5.2ನೆಯ ಆವೃತ್ತಿಗೆ ಪೈಥಾನ್ ಭಾಷೆಯ 3.10 ಅಥವಾ ಅದಕ್ಕೂ ಈಚಿನ ಆವೃತ್ತಿ ಬೇಕು. ಅದನ್ನು ಯಂತ್ರದಲ್ಲಿ ಇಳಿಸಿಕೊಂಡ ಬಳಿಕ, ‘ವೆನ್ವ್’ ಎಂಬ ಆದೇಶದಿಂದ ಈ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಆವರಣವನ್ನು ನಿರ್ಮಿಸಿ, ಅದನ್ನು ಚಾಲನೆಗೆ ತಂದು, ‘ಪಿಪ್ ಇನ್‌ಸ್ಟಾಲ್ ಜಾಂಗೋ’ ಎಂದು ಆದೇಶಿಸಿದರೆ ಚೌಕಟ್ಟು ಬಂದು ಸೇರುತ್ತದೆ. ಈ ಆದೇಶಗಳನ್ನೆಲ್ಲ ರೋಮನ್ ಅಕ್ಷರಗಳಲ್ಲಿಯೇ ಬೆರಳಚ್ಚು ಮಾಡತಕ್ಕದ್ದು. ಮರುದಿನ ಆದೇಶಗಳನ್ನು ಬರೆಯುವ ಕಪ್ಪು ಕಿಟಕಿಯನ್ನು ಹೊಸದಾಗಿ ತೆರೆದಾಗ ಆವರಣವನ್ನು ಮತ್ತೆ ಚಾಲನೆಗೆ ತರಲು ಮರೆತು, ‘ನಿನ್ನೆ ಇದ್ದ ಜಾಂಗೋ ಇಂದು ಕಾಣೆಯಾಯಿತು’ ಎಂದು ಗಾಬರಿಗೊಳ್ಳುವವರು ಬಹಳ. ಅದು ಎಲ್ಲಿಯೂ ಹೋಗಿರುವುದಿಲ್ಲ.

ನಮ್ಮ ಘಟ್ಟದ ಊರುಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಮನೆಯಲ್ಲಿ ನೆಟ್‌ವರ್ಕ್ ಸಿಗದವರು, ಹುಬ್ಬಳ್ಳಿಯಲ್ಲಿಯೋ ಯಲ್ಲಾಪುರದಲ್ಲಿಯೋ ಸಂಪರ್ಕವಿರುವ ಒಂದು ಯಂತ್ರದಲ್ಲಿ ‘ಪಿಪ್ ಡೌನ್‌ಲೋಡ್ ಜಾಂಗೋ’ ಎಂಬ ಆದೇಶ ಕೊಟ್ಟು, ಬಂದ ಗಂಟುಗಳನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯಬಹುದು. ಜಾಂಗೋವಿನ ಜತೆಗೆ ಎಎಸ್‌ಜಿಐರೆಫ್, ಎಸ್‌ಕ್ಯುಎಲ್‌ಪಾರ್ಸ್ ಎಂಬ ಎರಡು ಸಣ್ಣ ಗಂಟುಗಳೂ, ವಿಂಡೋಸ್ ಯಂತ್ರವಾದರೆ ಕಾಲವಲಯಗಳ ವಿವರವುಳ್ಳ ಟಿಝಡ್‌ಡೇಟಾ ಎಂಬ ಮತ್ತೊಂದೂ ಬಂದಿರುತ್ತವೆ. ಮನೆಯಲ್ಲಿ ಸ್ಥಾಪಿಸುವಾಗ, ಹೊರಗಿನ ಸೂಚಿಯನ್ನು ನೋಡದೆ ಈ ಕಡತಕೋಶದಲ್ಲಿಯೇ ಹುಡುಕೆಂದು ಪಿಪ್‌ಗೆ ತಿಳಿಸಿದರೆ ಸಾಕು. ಸಂಪರ್ಕ ಲವಲೇಶವೂ ಬೇಡ.

ಇನ್ನು ನನಗೆ ಅತ್ಯಂತ ಪ್ರಿಯವಾದ ಘಟ್ಟ. ‘ಸ್ಟಾರ್ಟ್‌ಪ್ರಾಜೆಕ್ಟ್’ ಎಂಬ ಆದೇಶದಿಂದ ಯೋಜನೆಯ ಕಡತಗಳನ್ನು ಸೃಷ್ಟಿಸಿ, ‘ರನ್‌ಸರ್ವರ್’ ಎಂದು ಆದೇಶಿಸಿ, ಬ್ರೌಸರಿನಲ್ಲಿ 127.0.0.1:8000 ಎಂಬ ವಿಳಾಸವನ್ನು ಬರೆದೊಡನೆ, ಮೇಲೇಳುತ್ತಿರುವ ರಾಕೆಟ್ಟಿನ ಚಿತ್ರವೊಂದು ಮೂಡಿ, ಸ್ಥಾಪನೆ ಸಫಲವಾಯಿತೆಂದು ಅಭಿನಂದಿಸುತ್ತದೆ. ಈ ಪುಟ ಎಲ್ಲಿಂದ ಬಂದಿತು ಎಂದು ಕೇಳಿದರೆ ‘ಇಂಟರ್‌ನೆಟ್ಟಿನಿಂದ’ ಎಂದು ಹತ್ತರಲ್ಲಿ ಒಂಬತ್ತು ಮಂದಿ ಉತ್ತರಿಸುವುದನ್ನು ನಾನು ಕೇಳಿದ್ದೇನೆ. ಕಿರವತ್ತಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಆ ವಿಳಾಸವನ್ನು ಹುಬ್ಬಳ್ಳಿಯಲ್ಲಿದ್ದ ಅಣ್ಣನಿಗೆ ವಾಟ್ಸಾಪಿನಲ್ಲಿ ಕಳುಹಿಸಿ, ಮರುದಿನ ಬಂದು, “ಸರ್, ಅಣ್ಣಗ ಕಳಿಸೇನ್ರಿ, ಅವನ ಫೋನಿನ್ಯಾಗ ತೆರೀವಲ್ದಂತ್ರಿ” ಎಂದು ಖಿನ್ನಳಾಗಿ ನಿಂತಿದ್ದಳು. ಅವಳ ಕೆಲಸದಲ್ಲಿ ದೋಷವೇನೂ ಇರಲಿಲ್ಲ. ಆ ಸಂಖ್ಯೆಯ ಸ್ವಭಾವವನ್ನು ಮಾತ್ರ ಯಾರೂ ಆಕೆಗೆ ಹೇಳಿರಲಿಲ್ಲ.

127.0.0.1 ಎಂಬುದು ವ್ಯಾಕರಣದ ಉತ್ತಮಪುರುಷ ಸರ್ವನಾಮವಿದ್ದಂತೆ. ‘ನಾನು’ ಎಂಬ ಪದಕ್ಕೆ ಸ್ಥಿರವಾದ ಒಬ್ಬ ವ್ಯಕ್ತಿಯಿಲ್ಲ. ಯಾರ ಬಾಯಿಂದ ಹೊರಟಿತೋ ಅವರನ್ನೇ ಅದು ಸೂಚಿಸುತ್ತದೆ. ಹಾಗೆಯೇ ಈ ವಿಳಾಸವನ್ನು ಯಾವ ಯಂತ್ರದಲ್ಲಿ ಬರೆದರೆ ಆ ಯಂತ್ರವೇ ಅದರ ಅರ್ಥ. ಅಣ್ಣನ ಫೋನು ಹುಡುಕಿದ್ದು ತಂಗಿಯ ಲ್ಯಾಪ್‌ಟಾಪನ್ನಲ್ಲ, ತನ್ನನ್ನೇ. ತನ್ನೊಳಗೆ ಜಾಂಗೋ ಇಲ್ಲದ ಕಾರಣ ಅದು ಬರಿಗೈಯಲ್ಲಿ ಮರಳಿತು. 127ರಿಂದ ಆರಂಭವಾಗುವ 1,67,77,216 ವಿಳಾಸಗಳೆಲ್ಲವೂ ಈ ಆತ್ಮಸೂಚನೆಗೆಂದೇ ಮೀಸಲಾಗಿವೆ. ಬ್ರೌಸರು ಕಳುಹಿಸಿದ ಕೋರಿಕೆ ಯಂತ್ರದ ಕಾರ್ಯವ್ಯವಸ್ಥೆಯೊಳಕ್ಕೆ ಇಳಿದು, ಹೊಸಿಲನ್ನು ದಾಟದೆಯೇ ಹಿಂದಿರುಗಿ, ಅದೇ ಯಂತ್ರದ 8000 ಎಂಬ ದ್ವಾರದಲ್ಲಿ ಕಾದಿರುವ ಜಾಂಗೋವಿಗೆ ತಲುಪುತ್ತದೆ.

ನಂಬಿಕೆ ಬಾರದವರು ವೈಫೈಯನ್ನೂ ಮೊಬೈಲ್ ಡೇಟಾವನ್ನೂ ನಿಲ್ಲಿಸಿ ಪುಟವನ್ನು ಮತ್ತೆ ತೆರೆಯಲಿ: ರಾಕೆಟ್ಟು ಎಂದಿನಂತೆ ಏಳುವುದು. ಆ ಕ್ಷಣದಲ್ಲಿ ಕಪ್ಪು ಕಿಟಕಿಯ ಕಡೆಗೂ ದೃಷ್ಟಿ ಹಾಯಿಸಬೇಕು. ಪ್ರತಿಯೊಂದು ಕೋರಿಕೆಗೂ ಅಲ್ಲೊಂದು ಸಾಲು ಬೀಳುತ್ತದೆ: ದಿನಾಂಕ, ವೇಳೆ, ‘ಗೆಟ್’ ಎಂಬ ಪದ, ಅನಂತರ 200 ಎಂಬ ಅಂಕೆ. 200 ಎಂದರೆ ಕೇಳಿದ್ದನ್ನು ಕೊಟ್ಟಾಯಿತು. 404 ಎಂದರೆ ಕೇಳಿದ್ದು ಇಲ್ಲಿಲ್ಲ. ಬ್ರೌಸರು ತಾನಾಗಿಯೇ ತಾಣದ ಪುಟ್ಟ ಚಿಹ್ನೆಯನ್ನು, ಎಂದರೆ ‘ಫೆವಿಕಾನ್’ ಎಂಬುದನ್ನು, ಕೇಳುವುದರಿಂದ ಮೊದಲ ದಿನವೇ ಒಂದು 404 ಕಂಡುಬರುವುದುಂಟು, ಅದಕ್ಕೆ ಅಂಜಬೇಕಾಗಿಲ್ಲ. ಈ ಸಾಲುಗಳನ್ನು ಓದಲು ಕಲಿತವನಿಗೆ ಇಡೀ ಜಾಲದ ವ್ಯವಹಾರವೇ ಒಂದು ಸಂಭಾಷಣೆಯಾಗಿ ಕೇಳಿಸತೊಡಗುತ್ತದೆ, ಎಷ್ಟು ವರ್ಷ ಕಳೆದರೂ ನನಗೆ ಅದರ ಬೆರಗು ಕುಂದಿಲ್ಲ.

ಅದೇ ಕಿಟಕಿಯಲ್ಲಿ ಕೆಂಪಕ್ಷರದ ಎಚ್ಚರಿಕೆಯೊಂದೂ ಕಾಣುತ್ತದೆ: 18 ‘ಮೈಗ್ರೇಷನ್’ಗಳು ಇನ್ನೂ ಜಾರಿಯಾಗಿಲ್ಲ ಎಂದು. ಬಳಕೆದಾರರ ಹೆಸರು, ಅವರ ಅಧಿಕಾರ ಮುಂತಾದುವನ್ನು ಬರೆದಿಡುವ ಕೋಷ್ಟಕಗಳ ನಕ್ಷೆ ಸಿದ್ಧವಿದೆ, ಕೋಷ್ಟಕಗಳನ್ನು ಮಾತ್ರ ಇನ್ನೂ ಕಟ್ಟಿಲ್ಲ ಎಂಬುದಷ್ಟೇ ಇದರ ಅರ್ಥ. ‘ಮೈಗ್ರೇಟ್’ ಎಂದೊಡನೆ ಎಸ್‌ಕ್ಯುಲೈಟ್ ಎಂಬ ದತ್ತಾಂಶದ ಕಡತದಲ್ಲಿ ಅವು ನಿರ್ಮಾಣವಾಗುತ್ತವೆ. ಅಭ್ಯಾಸಕ್ಕಾಗಿ ನಾನು ಯಾವಾಗಲೂ ಅಡಿಕೆಯ ಧಾರಣೆಯ ಪುಸ್ತಕವನ್ನೇ ಕೊಡುತ್ತೇನೆ: ದಿನಾಂಕ; ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಯಾವ ಮಾರುಕಟ್ಟೆ; ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟುಗಳಲ್ಲಿ ಯಾವ ತರ; ಕ್ವಿಂಟಲಿಗೆ ಎಷ್ಟು ದರ. ನಾಲ್ಕು ಅಂಕಣಗಳನ್ನು ಪೈಥಾನಿನಲ್ಲಿ ಹತ್ತಾರು ಸಾಲುಗಳಲ್ಲಿ ವರ್ಣಿಸಿ ನೋಂದಾಯಿಸಿದರೆ, ಅವನ್ನು ತುಂಬುವ, ತಿದ್ದುವ ಪುಟಗಳನ್ನು ಜಾಂಗೋವಿನ ಆಡಳಿತ ವಿಭಾಗವೇ ರಚಿಸಿ ಕೊಡುತ್ತದೆ. ಯೋಜನೆಯ ಸಂಯೋಜನೆಯ ಕಡತದಲ್ಲಿ ಕಾಲವಲಯವನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸಲು ಮರೆಯಬಾರದು; ಮರೆತರೆ ಗಡಿಯಾರ ಐದೂವರೆ ಗಂಟೆ ಹಿಂದುಳಿದು, ನಸುಕಿನಲ್ಲಿ ಬರೆದದ್ದು ಹಿಂದಿನ ದಿನದ ಲೆಕ್ಕಕ್ಕೆ ಸೇರುವುದು. ಹೆಸರುಗಳನ್ನು ಯುನಿಕೋಡ್ ಕನ್ನಡದಲ್ಲಿಯೇ ಬರೆಯತಕ್ಕದ್ದು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದದ್ದು ತೆರೆಯ ಮೇಲೆ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ತೋರುತ್ತದೆ.

ಅದೇ ಸಂಯೋಜನೆಯ ಕಡತದಲ್ಲಿ ಭಾಷೆಯ ಸಂಕೇತವಾದ ‘ಇಎನ್-ಯುಎಸ್’ ಎಂಬುದನ್ನು ಅಳಿಸಿ ‘ಕೆಎನ್’ ಎಂದು ಬರೆದು ನೋಡಿರಿ. ಆಡಳಿತದ ಪುಟ ಕನ್ನಡದಲ್ಲಿ ಮಾತಾಡತೊಡಗುತ್ತದೆ, ಆದರೆ ಅಲ್ಲಲ್ಲಿ ಇಂಗ್ಲಿಷಿನ ವಾಕ್ಯಗಳು ಹಾಗೆಯೇ ಉಳಿದಿರುವುದನ್ನೂ ಕಾಣುವಿರಿ. ಅಷ್ಟು ಭಾಗವನ್ನು ಇನ್ನೂ ಯಾರೂ ಅನುವಾದಿಸಿಲ್ಲ. ಆ ಅನುವಾದ ನಡೆಯುವುದು ಟ್ರಾನ್ಸಿಫೆಕ್ಸ್ ಎಂಬ ತಾಣದಲ್ಲಿ. ಹೆಸರು ನೋಂದಾಯಿಸಿ ತಂಡವನ್ನು ಸೇರಿದವರು ಯಾರು ಬೇಕಾದರೂ ಅದರಲ್ಲಿ ಪಾಲ್ಗೊಳ್ಳಬಹುದು. ಈ ಅಧ್ಯಾಯವನ್ನು ಓದಿ ಧಾರಣೆಯ ಪುಸ್ತಕವನ್ನು ಕಟ್ಟಿದವರು ಮುಂದೆ ಕೋರಿಕೆಯ ಮಾರ್ಗ, ದತ್ತಾಂಶದ ನಕ್ಷೆ, ಪುಟದ ಅಚ್ಚು ಎಂಬ ಮೂರನ್ನೂ ಒಂದೊಂದಾಗಿ ವ್ಯಾಸಂಗ ಮಾಡಬೇಕೆಂದೂ, ಬಿಡುವಿನಲ್ಲಿ ಅನುವಾದವಾಗದೆ ಉಳಿದ ವಾಕ್ಯಗಳಲ್ಲಿ ಹತ್ತನ್ನಾದರೂ ಕನ್ನಡಕ್ಕೆ ತರಬೇಕೆಂದೂ ಪ್ರಾರ್ಥಿಸುತ್ತೇನೆ.