ಹಕ್ಕಿಗಳ ಲೆಕ್ಕ: ತಲೆ ಎಣಿಸಿದರೆ ಸಾಲದು, ಹೆಸರೂ ಬೇಕು

ಮುಂಬಯಿಯ ಬೊರಿವಲಿಯಿಂದ ಥಾಣೆಯವರೆಗೆ ಹಬ್ಬಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 100 ಚದರ ಕಿ.ಮೀ. ವಿಸ್ತಾರದ ಕಾಡು. ರಜಾ ದಿನಗಳಲ್ಲಿ ಅಲ್ಲಿಗೆ ಹೋಗಿಬರುವ ಕನ್ನಡ ಬಾಂಧವರು ಮರಕುಟಿಗ, ಭೀಮರಾಜ ಹಕ್ಕಿಗಳನ್ನು ಕಂಡು ಸಂತೋಷಪಡುವುದುಂಟು. ಆದರೆ ಆ ಹಕ್ಕಿಗಳು ಹತ್ತು ವರ್ಷಗಳ ಹಿಂದೆ ಇದ್ದಷ್ಟೇ ಈಗಲೂ ಇವೆಯೇ? ಇದಕ್ಕೆ ನೆನಪು ಉತ್ತರ ಕೊಡಲಾರದು, ಬರೆದಿಟ್ಟ ಲೆಕ್ಕ ಮಾತ್ರ ಕೊಡಬಲ್ಲದು.

ಈ ಲೆಕ್ಕಕ್ಕೂ ಶಿಸ್ತು ಇದೆ. ಗೊತ್ತುಪಡಿಸಿದ ಕೆಲವು ಸ್ಥಳಗಳಿಗೆ ಪ್ರತಿವರ್ಷ ಅದೇ ಋತುವಿನಲ್ಲಿ, ಅದೇ ಹೊತ್ತಿಗೆ ಹೋಗಿ, ಅಷ್ಟೇ ಸಮಯ ನಿಂತು, ಕಂಡ ಮತ್ತು ಕೂಗಿನಿಂದ ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆಯಬೇಕು. ಹಿಂದೆ ಇದ್ದ ಹಕ್ಕಿ ಈ ಸಲ ಕಾಣದಿದ್ದರೆ ಅದೂ ಮಾಹಿತಿಯೇ. ಒಂದು ಜಾಗದಲ್ಲಿ ಮಾತ್ರ ಕಡಿಮೆಯಾದರೆ ಕಾರಣ ಅಲ್ಲೇ ಇರಬಹುದು. ಎಲ್ಲ ಕಡೆಯೂ ಕಡಿಮೆಯಾದರೆ ಕಾರಣ ದೊಡ್ಡದು.

ಒಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ಮೋಸಹೋಗುವ ಸಂಭವವಿದೆ. ಹಳೆಯ ಒಣಮರ ಕಡಿದರೆ ಮರಕುಟಿಗ ಹೋಗುತ್ತದೆ. ಅದು ಕೊರೆದು ಬಿಟ್ಟ ಪೊಟರೆಯಲ್ಲಿ ಗೂಡು ಮಾಡುವ ಗಿಳಿ, ಸಣ್ಣ ಗೂಬೆಗಳಿಗೂ ನೆಲೆ ತಪ್ಪುತ್ತದೆ. ಅವುಗಳ ಜಾಗಕ್ಕೆ ಕಾಗೆ, ಪಾರಿವಾಳ ಬಂದರೆ ಪಟ್ಟಿಯ ಉದ್ದ ಅಷ್ಟೇ ಇರಬಹುದು, ಕಾಡಿನ ಗುಣ ಮಾತ್ರ ಉಳಿದಿರುವುದಿಲ್ಲ.

2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಇದನ್ನೇ ಹೇಳುತ್ತದೆ. ಸುಮಾರು 30 ಸಾವಿರ ಹವ್ಯಾಸಿಗಳ ಪಟ್ಟಿಗಳನ್ನು ಆಧರಿಸಿ 942 ಜಾತಿಗಳನ್ನು ಪರಿಶೀಲಿಸಲಾಯಿತು. ದೀರ್ಘಕಾಲದ ಲೆಕ್ಕ ಸಿಕ್ಕಿದ್ದು 338 ಜಾತಿಗಳಿಗೆ ಮಾತ್ರ. ಅವುಗಳಲ್ಲಿ 204 ಇಳಿಮುಖವಾಗಿವೆ, 98 ಸ್ಥಿರವಾಗಿವೆ, 36 ಏರಿವೆ. ಏರಿದವುಗಳಲ್ಲಿ ಕಾಗೆ, ಪಾರಿವಾಳ, ನವಿಲು ಸೇರಿವೆ. ಉಳಿದ ನೂರಾರು ಜಾತಿಗಳ ಹಳೆಯ ಲೆಕ್ಕ ಸಾಕಷ್ಟಿಲ್ಲ.

ಹಳೆಯ ಲೆಕ್ಕದ ಬೆಲೆ ಮುಂಬಯಿಗೆ ಹೊಸತಲ್ಲ. 1883ರಲ್ಲಿ ಇಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲೇ ಡಾ. ಸಲೀಂ ಅಲಿಯವರ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ 1942-43ರಲ್ಲಿ ಪ್ರಕಟವಾಯಿತು. ಇಂದಿನ ಕರ್ನಾಟಕದ ಆ ಭಾಗದ ಹಕ್ಕಿಗಳಿಗೆ ಅದೇ ಆರಂಭಿಕ ಶಿಲ್ಕು.

ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಹದಿನೈದು ನಿಮಿಷ ಗಮನಿಸಿ, ಇ-ಬರ್ಡ್ ಎಂಬ ಉಚಿತ ಆ್ಯಪ್‌ನಲ್ಲಿ ಪಟ್ಟಿ ದಾಖಲಿಸಿದರೆ ಸಾಕು. ನಮ್ಮ ಸಂಘ-ಸಂಸ್ಥೆಗಳು ವಾರ್ಷಿಕ ವಿಹಾರಕೂಟದಂತೆ ಇದನ್ನೂ ಒಂದು ಕಾರ್ಯಕ್ರಮವಾಗಿ ಇಟ್ಟುಕೊಳ್ಳಬಹುದು. ಹಿರಿಯರಿಗೆ ಊರಿನ ಹೆಸರುಗಳು ಗೊತ್ತು, ಮಕ್ಕಳಿಗೆ ಮೊಬೈಲ್ ಗೊತ್ತು. ಆದರೆ ಒಂದು ವರ್ಷ ಹೋಗಿ ಬಿಟ್ಟರೆ ಪ್ರಯೋಜನವಿಲ್ಲ. ಮರುವರ್ಷವೂ ಅದೇ ದಾರಿಯಲ್ಲಿ ನಡೆಯಬೇಕು.